ಹಿಮಾಲಯ ಬೆಳೆಯುತ್ತಿದೆಯೇ, ಸವೆಯುತ್ತಿದೆಯೇ?

ಹಿಮಾಲಯ ಎತ್ತರವಾಗುತ್ತಿದೆ ಎನ್ನುವುದೂ, ಮಳೆ ಮತ್ತು ನದಿಗಳಿಂದ ಅದು ಸವೆಯುತ್ತಿದೆ ಎನ್ನುವುದೂ ಒಟ್ಟಿಗೆ ನಿಜವಾಗಿರಲು ಹೇಗೆ ಸಾಧ್ಯ ಎಂದು ಕೇಳಿದ್ದೀರಿ. ಎರಡೂ ನಿಜ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕವು (ಭೂಮಿಯ ಗಟ್ಟಿ ಹೊರಪದರದ, ನಿಧಾನವಾಗಿ ಸರಿಯುವ ಭಾರೀ ತುಂಡು) ಯುರೇಷ್ಯಾ ಫಲಕಕ್ಕೆ ಒತ್ತಿಕೊಂಡಾಗ, ನಡುವಿನ ಟೆಥಿಸ್ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತಿದ್ದ ಸುಣ್ಣದಕಲ್ಲು, ಕೆಸರುಗಲ್ಲುಗಳು ಮಡಿಕೆಬಿದ್ದು ಮೇಲೆದ್ದವು. ಆ ಒತ್ತಡ ಇನ್ನೂ ನಿಂತಿಲ್ಲ, 2015ರ ನೇಪಾಳದ ಭೂಕಂಪವೂ ಅದರದೇ ಫಲ.

ಇದರ ಸಾಕ್ಷಿ ನಮ್ಮಲ್ಲಿ ಅನೇಕರ ದೇವರ ಮನೆಯಲ್ಲೇ ಇದೆ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮದೊಳಗೆ ಕಾಣುವ ಗೆರೆಗೆರೆಯ ಸುರುಳಿಯು ಅಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಕಡಲತಳದಲ್ಲಿ ಹೂತಿದ್ದ ಅದನ್ನು ಬೆಟ್ಟಕ್ಕೇರಿಸಿದ್ದು ಭೂಮಿಯ ಒಳಗಿನ ಬಲ. ಬಂಡೆಯಿಂದ ಬಿಡಿಸಿ, ಉರುಳಿಸಿ, ಅಂಗೈಯಲ್ಲಿ ನುಣುಪಾಗಿ ಕೂರುವಂತೆ ಉಜ್ಜಿಕೊಟ್ಟದ್ದು ನದಿ. ಎರಡೂ ಬಲಗಳ ಗುರುತನ್ನು ಒಂದೇ ಕಲ್ಲಿನಲ್ಲಿ ಕಂಡಾಗ ನನಗೆ ಈಗಲೂ ಮೈ ನವಿರೇಳುತ್ತದೆ.

ಸವೆತದ ಕೆಲಸ ಹಲವು ಬಗೆಯಲ್ಲಿ ನಡೆಯುತ್ತದೆ. ಬಂಡೆಯ ಬಿರುಕಿಗಿಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಅದನ್ನು ಸೀಳುತ್ತದೆ, ಹಿಮನದಿಗಳು ಕಣಿವೆಯನ್ನು ಕೆರೆಯುತ್ತವೆ, ಮುಂಗಾರಿನ ಪ್ರವಾಹ ಪುಡಿಯನ್ನೆಲ್ಲ ಹೊತ್ತೊಯ್ಯುತ್ತದೆ. ಗಂಗಾ ಮತ್ತು ಬ್ರಹ್ಮಪುತ್ರ ನದಿಗಳು ಹೀಗೆ ವರ್ಷಕ್ಕೆ ಸುಮಾರು 100 ಕೋಟಿ ಟನ್ ಹೂಳನ್ನು ತಂದು ಬಂಗಾಳದ ಮುಖಜ ಭೂಮಿಯನ್ನು ಕಟ್ಟಿವೆ. ಇಲ್ಲೊಂದು ವಿಶೇಷವೂ ಇದೆ: ಸರಕು ಇಳಿಸಿದ ದೋಣಿ ನೀರಿನಲ್ಲಿ ಮೇಲೇಳುವಂತೆ, ಸವೆದು ಹಗುರಾದ ಪರ್ವತದ ಬುಡವೂ ನಿಧಾನವಾಗಿ ಮೇಲೇರುತ್ತದೆ.