ಬ್ಯಾಟಿನ ವೇಗ: ತೋಳಿಗಿಂತ ಮೊದಲು ಸೊಂಟ

ನಮಸ್ಕಾರ. ಪುಣೆಯ ಕಾಲೇಜು ಬೇಸ್‌ಬಾಲ್ ತಂಡ ಸೇರಿದ ಮೇಲೆ ದಿನಾ ಡಂಬೆಲ್ಸ್ ಎತ್ತಿದರೂ ಬ್ಯಾಟಿಗೆ ವೇಗ ಬರುತ್ತಿಲ್ಲ, ಇನ್ನೂ ಭಾರದ ಬ್ಯಾಟ್ ಕೊಳ್ಳಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ.

ವೇಗ ಹುಟ್ಟೋದು ನೆಲದಿಂದ. ಮುಂದಿನ ಪಾದ ಊರಿದ ಕ್ಷಣ ಸೊಂಟ ಪಿಚರ್ (ಚೆಂಡು ಎಸೆಯುವವನು) ಕಡೆ ತಿರುಗಲು ಶುರುವಾಗಬೇಕು, ಭುಜ ಇನ್ನೂ ಹಿಂದೆಯೇ ಉಳಿದಿರಬೇಕು. ಆ ಅಂತರದಲ್ಲಿ ಹೊಟ್ಟೆ, ಬೆನ್ನಿನ ಸ್ನಾಯುಗಳು ಹಿಗ್ಗಿ ಮರುಕ್ಷಣವೇ ಎದೆಯನ್ನು ಎಳೆದು ತಿರುಗಿಸುತ್ತವೆ. ಆಮೇಲೆ ತೋಳು, ಕೊನೆಗೆ ಬ್ಯಾಟ್. ಮುಂದಿನ ಕಾಲು ಗಟ್ಟಿಯಾಗಿ ನೆಟ್ಟಗಾದರೆ ಸೊಂಟಕ್ಕೆ ತಡೆ ಸಿಕ್ಕಿ ಅದರ ವೇಗ ಮೇಲಕ್ಕೆ ದಾಟುತ್ತದೆ. ಮಂಡಿ ಕುಸಿದರೆ ಅಷ್ಟೂ ಸೋರಿಹೋಗುತ್ತದೆ. ಕ್ರಿಕೆಟ್‌ನಿಂದ ಬಂದವರಿಗೆ ಇಲ್ಲೇ ಕಷ್ಟ. ಮಂಡಿ ಬಗ್ಗಿಸಿ ಡ್ರೈವ್ ಮಾಡಿದ ಅಭ್ಯಾಸ ಸುಲಭಕ್ಕೆ ಬಿಡೋದಿಲ್ಲ.

ಕೈ ಮೊದಲೇ ಚಾಚಬೇಡಿ, ಎದೆಗೆ ಹತ್ತಿರವೇ ಇರಲಿ. ಹಿಡಿತ ಬಿಗಿ ಬೇಡ.

ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ 2024ರಿಂದ ಬ್ಯಾಟಿನ ವೇಗವನ್ನು ಪ್ರಕಟಿಸುತ್ತಿದೆ. ಅಲ್ಲಿನ ಸರಾಸರಿ ಗಂಟೆಗೆ ಸುಮಾರು 115 ಕಿ.ಮೀ. ಅದನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ. ಚೆಂಡನ್ನು ಟೀ (ಚೆಂಡು ನಿಲ್ಲಿಸುವ ಕಂಬ) ಮೇಲಿಟ್ಟು, ಪಾದ ಊರಿ, ಅರೆಕ್ಷಣ ನಿಂತು ಹೊಡೆಯಿರಿ. ಗೆಳೆಯರಿಂದ ಸ್ಲೋ ಮೋಷನ್ ವಿಡಿಯೋ ತೆಗೆಸಿ, ಬೆಲ್ಟಿನ ಬಕಲ್ ಭುಜಕ್ಕಿಂತ ಮೊದಲು ತಿರುಗುತ್ತಿದೆಯಾ ನೋಡಿ. ನಾನೂ ಪುಣೆಯಲ್ಲೇ, ಕೋಥ್ರೂಡ್‌ನಲ್ಲಿ ಇರೋದು. ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಹೇಳಿ, ಒಟ್ಟಿಗೆ ನೋಡೋಣ.