ಹಿನ್ನೆಲೆ ಗಾಯಕ ಮನ್ನಾ ಡೇ ಅಷ್ಟು ಚೆನ್ನಾಗಿ ಹಾಡುತ್ತಿದ್ದರೂ ಹಿಂದಿ ಸಿನಿಮಾದಲ್ಲಿ ಹೀರೋಗಳ ಕಾಯಂ ದನಿ ಯಾಕೆ ಆಗಲಿಲ್ಲ?

ಈ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಒಂದೇ: ಅವರ ಕಂಠ ತೀರಾ ಶಾಸ್ತ್ರೀಯ, ನಾಯಕರಿಗೆ ಒಗ್ಗುತ್ತಿರಲಿಲ್ಲ. ನನಗೇನೋ ಅದು ಅರ್ಧ ಸತ್ಯ ಅನಿಸುತ್ತದೆ. ಕಷ್ಟದ ಹಾಡು ಬಂದರೆ ಮಾತ್ರ ಮನ್ನಾ ಡೇಗೆ ಹೇಳಿಕಳಿಸೋದು ಅಂತ ಮುಂಬೈಯವರಿಗೆ ರೂಢಿಯಾಗಿಬಿಟ್ಟಿತ್ತು.

ಹುಟ್ಟಿದ್ದು 1919ರಲ್ಲಿ, ಕಲ್ಕತ್ತಾದಲ್ಲಿ. ನಿಜವಾದ ಹೆಸರು ಪ್ರಬೋಧ ಚಂದ್ರ ಡೇ. ಚಿಕ್ಕಪ್ಪ ಕೃಷ್ಣ ಚಂದ್ರ ಡೇ ಕಣ್ಣು ಕಾಣದ ಗಾಯಕ, ಆ ಕಾಲಕ್ಕೆ ದೊಡ್ಡ ಹೆಸರು. ಮೊದಲ ಪಾಠ ಅವರ ಹತ್ತಿರ, ಆಮೇಲೆ ಉಸ್ತಾದ್ ದಬೀರ್ ಖಾನ್ ಹತ್ತಿರ. 1942ರಲ್ಲಿ ಚಿಕ್ಕಪ್ಪನ ಜೊತೆ ಮುಂಬೈಗೆ ಹೋದರು. ಮಾರನೇ ವರ್ಷ ‘ರಾಮರಾಜ್ಯ’ದಲ್ಲಿ ಅವರು ದನಿ ಕೊಟ್ಟಿದ್ದು ಯಾರಿಗೆ ಗೊತ್ತಾ? ಗಡ್ಡದ ವಾಲ್ಮೀಕಿಗೆ. ಹುಡುಗನಿಗೆ ಆಗ ಇಪ್ಪತ್ತನಾಲ್ಕೂ ಪೂರ್ತಿ ತುಂಬಿತ್ತೋ ಇಲ್ಲವೋ!

ಅಲ್ಲಿಂದ ‘ಹೀರೋ ಅಲ್ಲದವರ ದನಿ’ ಅನ್ನುವ ಮುದ್ರೆ ಅಳಿಸಲೇ ಇಲ್ಲ. ಬಲರಾಜ್ ಸಾಹ್ನಿ, ಪ್ರಾಣ್, ಮೆಹಮೂದ್... ಹೀರೋ ಪಕ್ಕದಲ್ಲಿ ನಿಂತವರೇ ಜಾಸ್ತಿ. ರಾಜ್ ಕಪೂರ್‌ಗೆ ‘ಶ್ರೀ 420’, ‘ಚೋರಿ ಚೋರಿ’ಯಲ್ಲಿ ಹಾಡಿದ್ದು ಎಷ್ಟು ಚೆಂದ! ಆದರೆ ‘ಚೋರಿ ಚೋರಿ’ಯ ನಿರ್ಮಾಪಕರಿಗೆ ಗಾಯಕ ಮುಕೇಶ್ ಬೇಕಾಗಿತ್ತು. ಪಟ್ಟು ಹಿಡಿದು ಒಪ್ಪಿಸಬೇಕಾಯಿತು.

ನೀವು ಎರಡು ಹಾಡು ಒಂದರ ಹಿಂದೆ ಒಂದು ಕೇಳಿ. ಮೊದಲನೆಯದು 1956ರ ‘ಬಸಂತ್ ಬಹಾರ್’ ಚಿತ್ರದ ‘ಕೇತಕಿ ಗುಲಾಬ್ ಜೂಹಿ’. ಕಥೆಯಲ್ಲಿ ಅದು ಆಸ್ಥಾನದ ಸ್ಪರ್ಧೆ. ಎದುರಾಳಿಯ ದನಿ ನಮ್ಮ ಗದಗಿನ ಭೀಮಸೇನ ಜೋಶಿಯವರದ್ದು. ಗೆಲ್ಲಬೇಕಾದ ನಾಯಕನ ದನಿ ಮನ್ನಾ ಡೇ ಅವರದ್ದು. ಇದು ಗೊತ್ತಾದಾಗ ಅವರು ಹೆದರಿ ಊರು ಬಿಟ್ಟು ಹೋಗೋಣ ಅಂತಿದ್ದರಂತೆ, ಹೆಂಡತಿ ಸುಲೋಚನಾ ಬಿಡಲಿಲ್ಲ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಹಾಡು ಕೇಳಿದರೆ ಭಯ ಎಲ್ಲೂ ಕಾಣೋದಿಲ್ಲ. ಜೋಶಿಯವರ ತಾನ್ ಗುಡುಗಿನ ಹಾಗೆ ಬಂದು ಬೀಳುತ್ತದೆ. ಇವರು ಗದ್ದಲ ಮಾಡೋದಿಲ್ಲ, ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಇಡುತ್ತಾರೆ. ಯಾರು ಗೆದ್ದರು ಅಂತ ನನ್ನನ್ನು ಕೇಳಬೇಡಿ, ಉತ್ತರ ಕರ್ನಾಟಕದವನು ನಾನು.

ಎರಡನೆಯದು ‘ಪಡೋಸನ್’ ಚಿತ್ರದ ‘ಏಕ್ ಚತುರ್ ನಾರ್’, 1968ರದ್ದು. ಇಲ್ಲಿ ಮನ್ನಾ ಡೇ ದನಿ ಮೆಹಮೂದ್ ಮಾಡಿದ ಸಂಗೀತ ಮೇಷ್ಟರಿಗೆ. ಈ ಸಲ ಅವರು ಸೋಲಬೇಕು, ಅದೂ ಶಾಸ್ತ್ರೀಯವಾಗಿ ಕಲಿಯದ ಕಿಶೋರ್ ಕುಮಾರ್ ಎದುರು. ಸರಿಯಾಗಿ ಹಾಡಬಲ್ಲವರೇ ಅಷ್ಟು ಚೆನ್ನಾಗಿ ಸೋಲಬಲ್ಲರು, ಅಲ್ವಾ? ಭೀಮಸೇನರನ್ನು ‘ಗೆದ್ದ’ವರು ಹನ್ನೆರಡು ವರ್ಷದ ಮೇಲೆ ಕಿಶೋರ್‌ಗೆ ‘ಸೋತರು’. ಎರಡೂ ಸಲ ಕರೆಸಿದ್ದು ಮಾತ್ರ ಒಂದೇ ಕಾರಣಕ್ಕೆ.

ಇನ್ನೊಂದು ವಿಷಯ. ಬಂಗಾಳಿಯಲ್ಲಿ ಕಥೆಯೇ ಬೇರೆ. ಅಲ್ಲಿ ನಾಯಕನಟ ಉತ್ತಮ್ ಕುಮಾರ್‌ಗೆ ಮೊದಲು ಹೇಮಂತ್ ಕುಮಾರ್ ದನಿ ಇತ್ತು. 1960ರ ದಶಕದ ನಡುವಿನಿಂದ ಮನ್ನಾ ಡೇ ಬಂದರು, ‘ಆಂಟನಿ ಫಿರಿಂಗಿ’ಯಂಥ ಚಿತ್ರಗಳಲ್ಲಿ ಜನ ಅವರನ್ನು ನಾಯಕನ ದನಿ ಅಂತಲೇ ಒಪ್ಪಿಕೊಂಡರು. ಅದೇ ಕಂಠ, ಅದೇ ತಾಲೀಮು. ಹಾಗಾಗಿ ‘ಕಂಠ ಒಗ್ಗಲಿಲ್ಲ’ ಅನ್ನುವ ವಾದ ನನಗೆ ಹಿಡಿಸೋದಿಲ್ಲ.

ಫಾಲ್ಕೆ ಪ್ರಶಸ್ತಿ, ಪದ್ಮಭೂಷಣ ಎಲ್ಲ ಬಂತು. ಕೊನೆಯ ವರ್ಷಗಳನ್ನು ಕಳೆದಿದ್ದು ನಮ್ಮ ಬೆಂಗಳೂರಿನ ಕಲ್ಯಾಣನಗರದಲ್ಲಿ. 2012ರಲ್ಲಿ ಸುಲೋಚನಾ ಹೋದರು. 2013ರ ಅಕ್ಟೋಬರ್ 24ರಂದು ಇವರೂ ಇಲ್ಲೇ ತೀರಿಕೊಂಡರು. ಅಷ್ಟು ವರ್ಷ ನಾನೂ ಇದೇ ಊರಲ್ಲಿದ್ದೆ. ಒಂದು ದಿನವೂ ಆ ಕಡೆ ಬಸ್ ಹತ್ತಲಿಲ್ಲ.