ಓದುಗರ ಪ್ರಶ್ನೆ: ರೆಡ್ ಡಾಟೋ, ಸ್ಕೋಪೋ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಡಿಕೆ ಅಂಗಳದಲ್ಲಿ 25 ಮೀಟರ್ ದೂರಕ್ಕೆ ಕಾಗದದ ಗುರಿ ಕಟ್ಟಿ, ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಅಭ್ಯಾಸ ಮಾಡುತ್ತೇನೆ. ಗುರಿ ಹಿಡಿಯಲು ಅದರ ಮೇಲೆ ರೆಡ್ ಡಾಟ್ ಹಾಕಿಸಲೋ, ಸ್ಕೋಪ್ (ದುರ್ಬೀನು) ಹಾಕಿಸಲೋ?

ಉತ್ತರ: ಸ್ಕೋಪೇ ತಗೊಳ್ಳಿ. ರೆಡ್ ಡಾಟ್ ಗಾಜಿನಲ್ಲಿ ಒಂದು ಕೆಂಪು ಚುಕ್ಕೆ ತೋರಿಸುತ್ತದೆ ಅಷ್ಟೇ, ಸ್ಕೋಪ್ ಹಾಗೆ ಗುರಿಯನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ. ಎರಡೂ ಕಣ್ಣು ತೆರೆದು ಬೇಗ ಗುರಿ ಹಿಡಿಯಲು ಅದು ಚೆಂದ, ಆದರೆ ನಿಮಗೆ ಅವಸರ ಇಲ್ಲ ಅಲ್ವಾ? 4 ಎಂಒಎ (ಕೋನದ ಅಳತೆ, ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಚುಕ್ಕೆ 25 ಮೀಟರ್‌ನಲ್ಲಿ ಸುಮಾರು 3 ಸೆಂಟಿಮೀಟರ್ ಜಾಗ ಮುಚ್ಚುತ್ತದೆ. ಸುಲಿದ ಅಡಿಕೆಯೊಂದು ಅದರ ಹಿಂದೆ ಅಡಗಿಬಿಡುತ್ತದೆ. ನನಗೆ ಅಸ್ಟಿಗ್ಮ್ಯಾಟಿಸಮ್ ಎಂಬ ದೃಷ್ಟಿದೋಷ ಇದೆ. ಕನ್ನಡಕ ತೆಗೆದರೆ ಆ ಚುಕ್ಕೆ ಬಾಲ ಇರುವ ಗೊದಮೊಟ್ಟೆಯ ಹಾಗೆ ಕಾಣುತ್ತದೆ.

ಆದರೆ ಏರ್ ರೈಫಲ್‌ಗೆಂದೇ ಮಾಡಿದ ಸ್ಕೋಪ್ ಬೇಕು. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಸಾದಾ ಸ್ಕೋಪ್ ಒಳಗೇ ಸಡಿಲವಾಗುತ್ತದೆ. ಹತ್ತು ಮೀಟರ್‌ನಷ್ಟು ಹತ್ತಿರಕ್ಕೂ ಫೋಕಸ್ ತಿರುಗಿಸಲು ಬರಬೇಕು. ರೈಫಲನ್ನು ಮರಳು ಚೀಲದ ಮೇಲಿಟ್ಟು ಕಣ್ಣು ಮಾತ್ರ ಆಚೀಚೆ ಸರಿಸಿ ನೋಡಿ. ಸ್ಕೋಪ್ ಒಳಗಿನ ಗೆರೆ ಕಾಗದದ ಮೇಲೆ ಓಡಾಡಿದರೆ ಫೋಕಸ್ ಸರಿ ಇಲ್ಲ. 4 ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಸಾಕು, ಸುಮ್ನೆ ಜಾಸ್ತಿಗೆ ಹೋಗಬೇಡಿ, ಕೈ ನಡುಕವೂ ದೊಡ್ಡದಾಗುತ್ತದೆ.

ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಮುಂದೆ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಈಗಲೇ ಹೇಳುತ್ತೇನೆ, ಅಲ್ಲಿ ಸ್ಕೋಪ್ ಬಳಸಲು ಬಿಡುವುದಿಲ್ಲ.